4ಕೆ ಇಡ್ಲಾ, 1080 ಸಾಕಾ? ಡ್ರೋನ್ ಮೇಲೇಳುವ ಮುಂಚಿನ ಲೆಕ್ಕ

ಹೋದ ಭಾನುವಾರ ಬೆಳಿಗ್ಗೆ ಏಳಕ್ಕೆ ಅಕ್ಕನ ಮಗನ ಫೋನು. "ಚಿಕ್ಕಮ್ಮ, ಡ್ರೋನ್ ನೆಲದ ಮೇಲಿಟ್ಟಿದೀನಿ, ಬ್ಯಾಟರಿ ಹಾಕಿದೀನಿ. 4ಕೆ ಇಡ್ಲಾ, 2.7ಕೆ ಇಡ್ಲಾ, 1080 ಸಾಕಾ?" ನಾನು ಒಲೆ ಮೇಲೆ ಹಾಲಿಟ್ಟಿದ್ದೆ. "ಏನ್ ತೆಗೀತಿದೀಯೋ?" ಅಂದೆ. "ಸುಮ್ನೆ, ತೋಟ." "ಯಾರಿಗೆ ತೋರಿಸ್ತೀಯ?" ಅದಕ್ಕೆ ಉತ್ತರವಿಲ್ಲ. "4ಕೆ ಇಡು, 25 ಇಡು, ಮಿಕ್ಕಿದ್ದು ಆಮೇಲೆ ಹೇಳ್ತೀನಿ" ಅಂತ ಫೋನ್ ಇಡುವಷ್ಟರಲ್ಲಿ ಹಾಲು ಉಕ್ಕಿತ್ತು.

ಆ 'ಆಮೇಲೆ' ಇದು. ನಾನು ರಾಜಾಜಿನಗರದಲ್ಲಿರುವವಳು, ಹೊಟ್ಟೆಪಾಡಿಗೆ ಒಂದು ಸಹಕಾರ ಸಂಘದ ಲೆಕ್ಕಪತ್ರ ಬರೆಯುತ್ತೇನೆ. 2021ರಿಂದ 249 ಗ್ರಾಂ ತೂಕದ ಡಿಜೆಐ ಮಿನಿ 2 ಹಾರಿಸುತ್ತಿದ್ದೇನೆ. ಹೆಚ್ಚಾಗಿ ಮಾಗಡಿ ಕಡೆ ನಮ್ಮತ್ತೆ ಮನೆಯವರ ರಾಗಿ ಹೊಲದ ಮೇಲೆ, ದೂರದಲ್ಲಿ ಸಾವನದುರ್ಗ ಕಾಣುವ ಹಾಗೆ. ಕ್ಯಾಮೆರಾ ವಿದ್ಯೆಯನ್ನು ಯಾರ ಬಳಿಯೂ ಕಲಿತವಳಲ್ಲ. ಆದರೆ ಗುಣಾಕಾರ, ಭಾಗಾಕಾರ ಬರುತ್ತದೆ, ಮತ್ತು ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕಿ ಇರಬೇಕು ಅಂತ ಆರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಅಷ್ಟೇ ಇರುವುದು.

ಹೊಸಬರು ಮಾಡುವ ತಪ್ಪು ಒಂದೇ. ಮೆನು ತೆರೆದು ಮೊದಲು ರೆಸಲ್ಯೂಷನ್ ಆರಿಸುತ್ತಾರೆ. ಅದು ಕೊನೆಗೆ ಆರಿಸಬೇಕಾದದ್ದು. ಯಾವ ಪರದೆಯಲ್ಲಿ ನೋಡುತ್ತಾರೆ, ಆಮೇಲೆ ಚಿತ್ರದ ಅಂಚು ಕತ್ತರಿಸುತ್ತೀರಾ, ಎಷ್ಟು ಎತ್ತರದಿಂದ ತೆಗೆಯುತ್ತೀರಿ, ಕಣ್ಣೆದುರು ಓಡುವುದೇನು, ಮನೆಯ ಲ್ಯಾಪ್‌ಟಾಪ್ ಎಷ್ಟು ಎಳೆಯುತ್ತದೆ: ಇವಿಷ್ಟಕ್ಕೆ ಉತ್ತರ ಸಿಕ್ಕಿದರೆ ರೆಸಲ್ಯೂಷನ್ ತಾನಾಗಿಯೇ ಬಂದು ಕೂತಿರುತ್ತದೆ.

ಮೊದಲು ಅಂಕಿ

1080 ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಗುಣಿಸಿದರೆ ಸುಮಾರು 20.7 ಲಕ್ಷ ಚುಕ್ಕಿ. ಡ್ರೋನ್‌ಗಳಲ್ಲಿ ಬರುವ 4ಕೆ ಅಂದರೆ 3840 ಗುಣಿಸು 2160, ಸುಮಾರು 83 ಲಕ್ಷ. ಅಂದರೆ ಸರಿಯಾಗಿ ನಾಲ್ಕು ಪಟ್ಟು. ಎರಡು ಪಟ್ಟು ಅಂದುಕೊಂಡವರೇ ಹೆಚ್ಚು. ನಡುವೆ ಇರುವ 2.7ಕೆ, ನನ್ನ ಡ್ರೋನ್‌ನಲ್ಲಿ 2720 ಗುಣಿಸು 1530. ಅದು 41.6 ಲಕ್ಷ, 1080ರ ಎರಡರಷ್ಟು, 4ಕೆಯ ಅರ್ಧ. ಈ 2.7ಕೆಯನ್ನು ಯಾರೂ ಮಾತಾಡಿಸುವುದಿಲ್ಲ, ಮೂರು ಮಕ್ಕಳ ಮನೆಯ ನಡುವಿನವನ ಹಾಗೆ. ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವಿದೆ, ಮುಂದೆ ಹೇಳುತ್ತೇನೆ.

ನೋಡುವುದು ಎಲ್ಲಿ?

ನಮ್ಮ ಹಾಲ್‌ನಲ್ಲಿರುವುದು 43 ಇಂಚಿನ ಟಿವಿ. ಸೋಫಾ ಇರುವುದು ಹತ್ತಡಿ ದೂರದಲ್ಲಿ. ಆ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. 1080ರ ಚಿತ್ರ ಹಾಕಿದರೆ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್. ಹತ್ತಡಿ ದೂರದಿಂದ ಒಳ್ಳೆಯ ಕಣ್ಣಿಗೂ ಬೇರೆಬೇರೆಯಾಗಿ ಕಾಣಬೇಕಾದರೆ ಚುಕ್ಕಿ ಮುಕ್ಕಾಲು ಮಿಲಿಮೀಟರ್‌ಗಿಂತ ದೊಡ್ಡದಿರಬೇಕು. ಅಂದರೆ ನಮ್ಮ ಸೋಫಾದಲ್ಲಿ ಕೂತು 4ಕೆ ಮತ್ತು 1080ರ ವ್ಯತ್ಯಾಸ ಹೇಳುತ್ತೇನೆ ಅನ್ನುವವರು, ಹೇಳಲಿ ಪಾಪ. ನಮ್ಮ ಯಜಮಾನರು ಹಾಗೆ ಹೇಳಿ ಎರಡು ಸಲ ಸೋತಿದ್ದಾರೆ.

ಫೋನಿನ ವಿಷಯ ಹೇಳುವುದೇ ಬೇಡ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಏನೇ ಇದ್ದರೂ ಹಿಂಡಿ ಹಿಪ್ಪೆ ಮಾಡಿಯೇ ಕಳಿಸುತ್ತದೆ, ಎಚ್‌ಡಿ ಒತ್ತಿದರೂ ಅಷ್ಟೇ. ತೆಗೆದದ್ದು ತೆಗೆದ ಹಾಗೇ ಹೋಗಬೇಕಾದರೆ 'ಡಾಕ್ಯುಮೆಂಟ್' ಅಂತ ಲಗತ್ತಿಸಿ ಕಳಿಸಿ. ಯೂಟ್ಯೂಬ್‌ನ ರೀತಿ ಬೇರೆ. ಅಲ್ಲಿ 4ಕೆಯಲ್ಲಿ ಏರಿಸಿದ ವಿಡಿಯೊಗೆ 'ಸೆಕೆಂಡಿಗೆ ಇಷ್ಟು ಮಾಹಿತಿ' ಅನ್ನುವ ಬಿಟ್‌ರೇಟ್ ಹೆಚ್ಚು ಸಿಗುತ್ತದೆ. ನೋಡುವವರು 4ಕೆ ಆಯ್ಕೆ ಒತ್ತಿದರೆ, ಅವರ ಪರದೆ 1080ರದ್ದೇ ಆಗಿದ್ದರೂ ಮರದ ಎಲೆ, ಹುಲ್ಲು, ನೀರಿನ ಅಲೆ ಚೊಕ್ಕವಾಗಿ ಕಾಣುತ್ತವೆ.

ಡ್ರೋನ್ ವಿಡಿಯೊಗೆ ಇದು ಮುಖ್ಯ. ಮದುವೆ ವಿಡಿಯೊದಲ್ಲಿ ಹಿಂದಿನ ಗೋಡೆ, ಪರದೆ ಅಲ್ಲಾಡದೆ ನಿಂತಿರುತ್ತವೆ. ಮೇಲಿಂದ ತೆಗೆದದ್ದರಲ್ಲಿ ಚೌಕಟ್ಟಿನ ಮೂಲೆ ಮೂಲೆಯೂ ಸಣ್ಣ ಸಣ್ಣ ವಿವರ, ಅದೂ ಗಾಳಿಗೆ ಅಲ್ಲಾಡುವ ವಿವರ. ರಾಗಿ ಹೊಲದ ಮೇಲೆ ಗಾಳಿ ಬೀಸಿದಾಗ ಪ್ರತಿ ತೆನೆಯೂ ಫ್ರೇಮಿನಿಂದ ಫ್ರೇಮಿಗೆ, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರದಿಂದ ಮುಂದಿನದಕ್ಕೆ, ಜಾಗ ಬದಲಿಸುತ್ತದೆ. ವಿಡಿಯೊವನ್ನು ಕುಗ್ಗಿಸುವ ಲೆಕ್ಕವೆಲ್ಲ ನಿಂತಿರುವುದು 'ಹಿಂದಿನ ಫ್ರೇಮಿಗೂ ಇದಕ್ಕೂ ಏನು ಬದಲಾಯಿತು' ಅನ್ನುವುದರ ಮೇಲೆ. ಎಲ್ಲವೂ ಬದಲಾದರೆ ಕುಗ್ಗಿಸಲು ಏನೂ ಉಳಿಯುವುದಿಲ್ಲ. ಬಿಟ್‌ರೇಟ್ ಸಾಲದೆ ಹೋದಾಗ ತೆನೆ ತೆನೆಯಾಗಿ ಕಾಣಬೇಕಾದ ರಾಗಿ, ಹೊಲದಲ್ಲೇ ಮುದ್ದೆಯಾಗಿಬಿಡುತ್ತದೆ.

ಕತ್ತರಿಸುವ ಆಸೆ ಇದ್ದರೆ

ಟಿವಿಯಲ್ಲಿ ವ್ಯತ್ಯಾಸ ಕಾಣದು ಅಂತ ಹೇಳಿ ಅಕ್ಕನ ಮಗನಿಗೆ ಯಾಕೆ 4ಕೆ ಇಡು ಅಂದೆ? ಅವನಿಗೆ ಏನು ತೆಗೆಯುತ್ತೇನೆ ಅಂತ ಗೊತ್ತಿರಲಿಲ್ಲ, ಅದಕ್ಕೆ. ಗೊತ್ತಿಲ್ಲದವರು ಮನೆಗೆ ಬಂದ ಮೇಲೆ ಕತ್ತರಿಸುತ್ತಾರೆ. ದಿಗಂತ ಓರೆಯಾಗಿರುತ್ತದೆ, ತಿರುಗಿಸಬೇಕು. ಮೂಲೆಯಲ್ಲಿ ಟ್ರ್ಯಾಕ್ಟರ್ ಬಂದಿರುತ್ತದೆ, ತೆಗೆಯಬೇಕು. 4ಕೆಯಲ್ಲಿ ತೆಗೆದು 1080ಕ್ಕೆ ಎಕ್ಸ್‌ಪೋರ್ಟ್ ಮಾಡುವುದಾದರೆ ಎರಡು ಪಟ್ಟು ಹತ್ತಿರಕ್ಕೆ ಎಳೆದರೂ ಒಂದು ಪಿಕ್ಸೆಲ್ಲೂ ಕಡಿಮೆ ಬೀಳುವುದಿಲ್ಲ. 2.7ಕೆಯಲ್ಲಿ ಆ ಸಲಿಗೆ 1.4 ಪಟ್ಟು, ಅಂದರೆ ಓರೆ ಸರಿಮಾಡಲು, ಅಂಚು ಕತ್ತರಿಸಲು ಸಾಕು. 1080ರಲ್ಲಿ ಸಲಿಗೆಯೇ ಇಲ್ಲ. ಕತ್ತರಿ ಇಟ್ಟ ಕೂಡಲೇ ಚಿತ್ರ ಮಬ್ಬು.

ಈಗಿನವರಿಗೆ ಇನ್ನೂ ದೊಡ್ಡ ಕಾರಣ ರೀಲ್ಸ್. ಫೋನ್ ನಿಲ್ಲಿಸಿ ನೋಡುವ ಉದ್ದುದ್ದ ವಿಡಿಯೊಗೆ ಬೇಕಾದದ್ದು ಅಗಲ 1080, ಎತ್ತರ 1920. ಅಡ್ಡ ತೆಗೆದ 1080ರ ವಿಡಿಯೊದಿಂದ ಉದ್ದ ಪಟ್ಟಿ ಕತ್ತರಿಸಿದರೆ ಅಗಲ ಸಿಗುವುದು 607 ಪಿಕ್ಸೆಲ್ ಮಾತ್ರ. ಅದನ್ನು ಹಿಗ್ಗಿಸಿ ಹಾಕಬೇಕು, ಹಿಗ್ಗಿಸಿದ್ದು ಗೊತ್ತಾಗುತ್ತದೆ. 2.7ಕೆಯಿಂದ 860. 4ಕೆಯಿಂದ 1215, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಹಾಗಾಗಿ ಒಂದೇ ಹಾರಾಟದಲ್ಲಿ ಟಿವಿಗೂ ರೀಲ್ಸ್‌ಗೂ ಎರಡಕ್ಕೂ ಬೇಕು ಅನ್ನುವವರು ಬೇರೆ ಯೋಚನೆ ಮಾಡುವ ಹಾಗೇ ಇಲ್ಲ, 4ಕೆ.

ಇನ್ನೊಂದು ಗುಟ್ಟು ಬಣ್ಣದ್ದು. ನಮ್ಮಂಥವರ ಡ್ರೋನ್‌ಗಳು ಬೆಳಕನ್ನು ಪೂರ್ತಿ ವಿವರದಲ್ಲಿ ಬರೆದುಕೊಂಡರೂ, ಬಣ್ಣವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ವಿವರದಲ್ಲಿ ಬರೆಯುತ್ತವೆ. 1080 ಇಟ್ಟರೆ ಬಣ್ಣಕ್ಕೆ ಸಿಗುವುದು 960 ಗುಣಿಸು 540. ಅದಕ್ಕೇ ಹಸಿರು ಹೊಲದ ನಡುವೆ ಕೆಂಪು ಸೀರೆ ಉಟ್ಟವರು ನಿಂತರೆ ಸೀರೆಯ ಅಂಚು ಹೊಲಕ್ಕೆ ಬಣ್ಣ ಬಿಟ್ಟ ಹಾಗೆ ಕಾಣುತ್ತದೆ. 4ಕೆಯಲ್ಲಿ ತೆಗೆದು 1080ಕ್ಕೆ ಇಳಿಸುವುದಾದರೆ ಬಣ್ಣಕ್ಕೂ ಕೈಯಲ್ಲಿ 1920 ಗುಣಿಸು 1080 ವಿವರ ಇರುತ್ತದೆ. ಜೊತೆಗೆ ನಾಲ್ಕು ಚುಕ್ಕಿ ಸೇರಿ ಒಂದಾಗುವುದರಿಂದ ಸಂಜೆಯ ಮಂದ ಬೆಳಕಿನ ಕಾಳು ಕಾಳು ಕೂಡ ಸ್ವಲ್ಪ ಅಡಗುತ್ತದೆ. 1080ರಲ್ಲಿ ತೆಗೆದ 1080 ಮತ್ತು 4ಕೆಯಿಂದ ಇಳಿಸಿದ 1080 ಹೆಸರಿಗೆ ಒಂದೇ, ಪಕ್ಕಪಕ್ಕ ಇಟ್ಟು ನೋಡಿ.

ಚುಕ್ಕಿ ಹೆಚ್ಚಿಸುವುದಕ್ಕಿಂತ ಕೆಳಗಿಳಿಯುವುದು ಲೇಸು

ಮೊದಲ ವರ್ಷದ ರಾಗಿ ಕುಯ್ಲು. ಅತ್ತೆ, ಅತ್ತೆಯ ತಂಗಿ, ಆಳುಗಳು ಎಲ್ಲ ಸೇರಿ ಕುಯ್ದು ಹೊರೆ ಕಟ್ಟುತ್ತಿದ್ದರು. ಹೊಸ ಡ್ರೋನ್, ಹೊಸ ಹುಮ್ಮಸ್ಸು. 80 ಮೀಟರ್ ಏರಿಸಿ, ಕಾರ್ಡ್ ತುಂಬಬಾರದು ಅಂತ 1080 ಇಟ್ಟು ಇಪ್ಪತ್ತು ನಿಮಿಷ ತೆಗೆದೆ. ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ ಹಾಕಿದೆ. ಅತ್ತೆ ಎರಡು ನಿಮಿಷ ನೋಡಿ "ನಾನೆಲ್ಲಿದೀನಿ?" ಅಂದರು. ತೋರಿಸಿದೆ, "ಇಗೋ ಈ ಬಿಳೀದು, ಅತ್ತೆ." ಅವರು ಕನ್ನಡಕ ಸರಿಮಾಡಿಕೊಂಡು, "ಅದು ನಾನಲ್ಲಮ್ಮ, ಗೊಬ್ಬರದ ಚೀಲ" ಅಂದರು. ನಿಜಕ್ಕೂ ಗೊಬ್ಬರದ ಚೀಲವೇ.

ಆ ರಾತ್ರಿ ಕೂತು ಹಾಕಿದ ಲೆಕ್ಕ ಇದು. ಇಂಥ ಪುಟ್ಟ ಡ್ರೋನ್‌ಗಳ ಲೆನ್ಸ್ ಸಾಮಾನ್ಯವಾಗಿ ದೊಡ್ಡ (ಫುಲ್‌ಫ್ರೇಮ್) ಕ್ಯಾಮೆರಾದ 24 ಮಿಲಿಮೀಟರ್ ಲೆನ್ಸಿಗೆ ಸಮ. ಅಂಥ ಲೆನ್ಸ್ ನೇರ ಕೆಳಗೆ ನೋಡಿದಾಗ ಕಾಣುವ ನೆಲದ ಅಗಲ, ಹೆಚ್ಚುಕಡಿಮೆ ಎತ್ತರದ ಒಂದೂವರೆ ಪಟ್ಟು. 80 ಮೀಟರ್ ಮೇಲಿದ್ದರೆ 120 ಮೀಟರ್ ಅಗಲ. ಅದನ್ನು 1920 ಚುಕ್ಕಿಗೆ ಹಂಚಿದರೆ ಒಂದೊಂದಕ್ಕೂ ಆರು ಸೆಂಟಿಮೀಟರ್ ಚಿಲ್ಲರೆ. ಮನುಷ್ಯರ ಮುಖ ಹದಿನೈದು ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಅತ್ತೆಯ ಮುಖಕ್ಕೆ ಸಿಕ್ಕಿದ್ದು ಎರಡೂವರೆ ಚುಕ್ಕಿ. 4ಕೆ ಇಟ್ಟಿದ್ದರೆ ಐದು ಚುಕ್ಕಿ. ಐದರಲ್ಲೂ ಮುಖ ಕಾಣುವುದಿಲ್ಲ. ಅದೇ ಹತ್ತು ಮೀಟರ್ ದೂರಕ್ಕೆ ಬಂದು, ತಲೆ ಮೇಲೆ ಅಲ್ಲದೆ ಪಕ್ಕದಿಂದ ಓರೆಯಾಗಿ ತೆಗೆದಿದ್ದರೆ 1080ರಲ್ಲೇ ಮುಖಕ್ಕೆ ಹತ್ತೊಂಬತ್ತು ಚುಕ್ಕಿ, 4ಕೆಯಲ್ಲಿ ಮೂವತ್ತೆಂಟು. ಆಗ ಯಾರು ಯಾರು ಅಂತ ಗುರುತು ಸಿಗುತ್ತದೆ, ನಗುವೂ ಕಾಣುತ್ತದೆ.

ಅಂದರೆ ಎತ್ತರ ಅರ್ಧ ಇಳಿಸಿದರೆ ಸಿಗುವ ವಿವರ, 1080ರಿಂದ 4ಕೆಗೆ ಹಾರಿದಷ್ಟೇ. ಅದೂ ಪುಕ್ಕಟೆ, ಕಾರ್ಡೂ ತುಂಬುವುದಿಲ್ಲ. ಸಾವನದುರ್ಗದ ಬಂಡೆಯಂಥ ದೊಡ್ಡ ವಸ್ತು ತೆಗೆಯುವಾಗ ಕೆಳಗಿಳಿಯುವ ಪ್ರಶ್ನೆ ಬರುವುದಿಲ್ಲ, ಅಲ್ಲಿ 4ಕೆಯೇ ಸರಿ. ಜನ, ದನ, ಮನೆ ತೆಗೆಯುವಾಗ ಮೊದಲು ಎತ್ತರದ ಕಡ್ಡಿ ಕೆಳಗೆ ಒತ್ತಿ, ಆಮೇಲೆ ಮೆನು ತೆರೆಯಿರಿ. ಡ್ರೋನ್ ಕೊಂಡ ಮೊದಲ ತಿಂಗಳು ಎಲ್ಲರಿಗೂ ಆಕಾಶ ಮುಟ್ಟುವ ಆಸೆ ಇರುತ್ತದೆ. ಮೇಲಿಂದ ಎಲ್ಲ ಊರೂ ಒಂದೇ ಥರ ಕಾಣುತ್ತದೆ ಅಂತ ತಿಳಿಯಲು ನನಗೆ ಒಂದು ಸುಗ್ಗಿ ಬೇಕಾಯಿತು.

4ಕೆಯ ಖರ್ಚು

ನನ್ನ ಡ್ರೋನ್‌ನಲ್ಲಿ ಗರಿಷ್ಠ ಬಿಟ್‌ರೇಟ್ ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ, ನಿಮಿಷಕ್ಕೆ 750 ಎಂಬಿ. ಈ 750 ಒಂದನ್ನು ನೆನಪಿಡಿ. 64 ಜಿಬಿ ಕಾರ್ಡಿನಲ್ಲಿ ಸುಮಾರು 85 ನಿಮಿಷ. ನಿಮ್ಮ ಡ್ರೋನ್‌ನದು ಎಷ್ಟು ಅಂತ ಗೊತ್ತಾಗಬೇಕಾದರೆ ಪುಸ್ತಕ ಹುಡುಕುವುದು ಬೇಡ. ಒಂದೊಂದು ರೆಸಲ್ಯೂಷನ್‌ನಲ್ಲೂ ಸರಿಯಾಗಿ ಒಂದು ನಿಮಿಷ ತೆಗೆಯಿರಿ, ಫೈಲ್ ಎಷ್ಟು ಎಂಬಿ ಇದೆ ನೋಡಿ, 7.5ರಿಂದ ಭಾಗಿಸಿ. ಬಂದದ್ದೇ ಬಿಟ್‌ರೇಟ್. ಕೆಲವು ಡ್ರೋನ್‌ಗಳಲ್ಲಿ ರೆಸಲ್ಯೂಷನ್ ದೊಡ್ಡದಿದ್ದು ಬಿಟ್‌ರೇಟ್ ಬಡವಾಗಿರುತ್ತದೆ. ಅಂಥ ಕಡೆ 4ಕೆ ಇಟ್ಟು ಚುಕ್ಕಿಗಳನ್ನು ಉಪವಾಸ ಕೆಡವುವುದಕ್ಕಿಂತ 2.7ಕೆ ಇಟ್ಟು ಹೊಟ್ಟೆ ತುಂಬಿಸುವುದು ವಾಸಿ.

ನನ್ನ ವರ್ಷದ ಖಾತೆ ಹೀಗಿದೆ. ಒಂದು ಸಲ ಹೋದರೆ ಮೂರು ಬ್ಯಾಟರಿ, ಅದರಲ್ಲಿ ರೆಕಾರ್ಡ್ ಒತ್ತುವುದು ಒಟ್ಟು ಅರ್ಧ ಗಂಟೆ. 22.5 ಜಿಬಿ. ತಿಂಗಳಿಗೆ ಎರಡು ಸಲ, ವರ್ಷಕ್ಕೆ 540 ಜಿಬಿ. ಒಂದೇ ಡಿಸ್ಕ್ ನಂಬುವವಳಲ್ಲ ನಾನು, ಎರಡು ಪ್ರತಿ ಇಡುತ್ತೇನೆ. ಅಲ್ಲಿಗೆ 1080 ಜಿಬಿ. ತಮಾಷೆ ನೋಡಿ, 4ಕೆ ಬೇಕು ಅಂತ ಹೊರಟವಳ ಲೆಕ್ಕ 1080ಕ್ಕೇ ಬಂದು ನಿಂತಿತು.

ಈ ಖಾತೆ ನೋಡಿದ ಮೇಲೆ ಬುದ್ಧಿ ಬಂತು. ಈಗ ಮಾಗಡಿಯಿಂದ ವಾಪಸ್ ಬಂದ ರಾತ್ರಿಯೇ ಕೂತು ಅಳಿಸುತ್ತೇನೆ. ಮೂವತ್ತು ನಿಮಿಷದಲ್ಲಿ ಇಟ್ಟುಕೊಳ್ಳುವಂಥದ್ದು ನಾಲ್ಕು ನಿಮಿಷ ಇರುತ್ತದೆ, ಮೂರು ಜಿಬಿ. ಮಿಕ್ಕಿದ್ದು ಹಾರುವುದು, ಇಳಿಯುವುದು, ನನ್ನ ಚಪ್ಪಲಿ. ಮಾರನೇ ದಿನಕ್ಕೆ ಬಿಟ್ಟರೆ ಮೋಹ ಬೆಳೆಯುತ್ತದೆ, ಅಳಿಸಲು ಕೈ ಬಾರದು.

ಮೆಮರಿ ಕಾರ್ಡ್ ಮೇಲೆ ಯು3 ಅಥವಾ ವಿ30 ಅಂತ ಗುರುತಿರಬೇಕು. ಎಡೆಬಿಡದೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತೇನೆ ಅನ್ನುವ ಮಾತು ಅದು. ನಮಗೆ ಬೇಕಾದದ್ದು 12.5, ಧಾರಾಳವಾಯಿತು. ವಿ60, ವಿ90ಗೆ ದುಡ್ಡು ಸುರಿಯಬೇಡಿ. ಆದರೆ ನಕಲಿ ಕಾರ್ಡ್ ಇದೆ, ಹುಷಾರು. 256 ಅಂತ ಬರೆದಿದ್ದ ನನ್ನದೊಂದು ಕಾರ್ಡು ಒಳಗೆ ನಿಜಕ್ಕೆ ಇದ್ದದ್ದರ ನಂತರ ಬರೆದದ್ದನ್ನೆಲ್ಲ ನುಂಗಿ ನೀರು ಕುಡಿಯಿತು. ಅಂದಿನಿಂದ ಹೊಸ ಕಾರ್ಡ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಪ್ರೋಗ್ರಾಂನಿಂದ ಪೂರ್ತಿ ತುಂಬಿಸಿ, ಓದಿಸಿ ನೋಡುತ್ತೇನೆ. ಲಿನಕ್ಸ್ ಇರುವವರಿಗೆ ಅದೇ ಕೆಲಸಕ್ಕೆ ಎಫ್3 ಇದೆ.

ನಿಜವಾದ ಖರ್ಚು ಲ್ಯಾಪ್‌ಟಾಪಿನದು. ನನ್ನದು 2017ರ ಐ5, 8 ಜಿಬಿ ರ‍್ಯಾಮ್. 4ಕೆ ಫೈಲನ್ನು ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನ್ ಮೇಲೆ ಇಟ್ಟರೆ ಚಿತ್ರ ಕುಂಟುತ್ತದೆ, ಫ್ಯಾನ್ ಮಿಕ್ಸಿಯ ಸದ್ದು ಮಾಡುತ್ತದೆ. ಅದಕ್ಕೆ ಪರಿಹಾರ ಪ್ರಾಕ್ಸಿ: ತಂತ್ರಾಂಶವೇ ಪ್ರತಿ ಫೈಲಿಗೆ ಒಂದು ಸಣ್ಣ ನಕಲು ಮಾಡಿಕೊಳ್ಳುತ್ತದೆ, ನೀವು ಕತ್ತರಿಸುವುದು ಆ ನಕಲಿನ ಮೇಲೆ, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು ಮೂಲದಿಂದ. ಡಾವಿಂಚಿ ರಿಸಾಲ್ವ್‌ನಲ್ಲೂ ಕೆಡೆನ್‌ಲೈವ್‌ನಲ್ಲೂ ಈ ಅನುಕೂಲ ಇದೆ, ಕೆಡೆನ್‌ಲೈವ್ ನನ್ನ ಹಳೇ ಯಂತ್ರಕ್ಕೆ ಹಗುರ. ಪ್ರಾಕ್ಸಿ ತಯಾರಾಗಲು ಬಿಟ್ಟು ಸಾರಿಗೆ ಒಗ್ಗರಣೆ ಹಾಕಿ ಬರುತ್ತೇನೆ. ಅಷ್ಟು ತಾಳ್ಮೆ ಇಲ್ಲದವರಿಗೆ 2.7ಕೆ. ಹಳೇ ಲ್ಯಾಪ್‌ಟಾಪ್ ಕೂಡ ಅದನ್ನು ಗೊಣಗಿಕೊಂಡಾದರೂ ಎಳೆಯುತ್ತದೆ, ಕತ್ತರಿಸಲು ಒಂದಿಷ್ಟು ಸಲಿಗೆಯೂ ಸಿಗುತ್ತದೆ. ನನ್ನ ಪಕ್ಷಪಾತದ ಕಾರಣ ಇಷ್ಟೇ.

ಹೊಸ ಡ್ರೋನ್‌ಗಳಲ್ಲಿ ಎಚ್.265 ಅನ್ನುವ, ವಿಡಿಯೊ ಕುಗ್ಗಿಸುವ ಹೊಸ ವಿಧಾನದ ಆಯ್ಕೆ ಇರುತ್ತದೆ. ಅದು ಹಳೇ ವಿಧಾನ ಎಚ್.264ರ ಸುಮಾರು ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಕೊಡುತ್ತದೆ, ಆದರೆ ಬಿಡಿಸಿ ತೋರಿಸಲು ಕಂಪ್ಯೂಟರ್ ಹೆಚ್ಚು ಬೆವರಬೇಕು. ಲ್ಯಾಪ್‌ಟಾಪ್ ಹೊಸದಿದ್ದರೆ ಅದನ್ನೇ ಇಡಿ.

25, 30, 50

ರೆಸಲ್ಯೂಷನ್ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ. ಎರಡೂ ಒಂದಕ್ಕೊಂದು ಕಟ್ಟುಬಿದ್ದಿವೆ. ನನ್ನದರಲ್ಲಿ 4ಕೆಗೆ 30 ಫ್ರೇಮೇ ಕೊನೆ. 50, 60 ಬೇಕಾದರೆ 2.7ಕೆಗೆ ಇಳಿಯಬೇಕು. ಮಿನಿ 3 ಪ್ರೊನಂಥವು 4ಕೆಯಲ್ಲೇ 60 ಕೊಡುತ್ತವೆ, ಅವರಿಗೆ ಈ ಸಂಕಟವಿಲ್ಲ.

50 ಯಾವಾಗ ಬೇಕು? ಓಡುವುದನ್ನು ನಿಧಾನ ಮಾಡಿ ತೋರಿಸಬೇಕಾದಾಗ. 50ರಲ್ಲಿ ತೆಗೆದು 25ರಲ್ಲಿ ಹಾಕಿದರೆ ಸರಿಯಾಗಿ ಅರ್ಧ ವೇಗ. ತೋಟದ ಕೆರೆ ಏರಿ ಮೇಲೆ ನಾಯಿಯ ಹಿಂದೆ ಮಕ್ಕಳು ಓಡುವುದು, ಕೊಕ್ಕರೆ ಹಿಂಡು ಏಳುವುದು (ದೂರದಿಂದ, ಅವುಗಳ ಬೆನ್ನು ಹತ್ತಬೇಡಿ), ಇಂಥದ್ದಕ್ಕೆ ನಾನು 2.7ಕೆ 50 ಇಡುತ್ತೇನೆ. ಬಂಡೆ, ಮರ, ಮನೆ ಓಡುವುದಿಲ್ಲ, ಅವಕ್ಕೆ 4ಕೆ 25.

30 ಯಾಕಲ್ಲ, 25 ಯಾಕೆ ಅಂತ ಕೇಳಬಹುದು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿನಲ್ಲಿ ದೀಪ ಎರಡು ಸಲ ಮಂಕಾಗುತ್ತದೆ, ಅಂದರೆ ಸೆಕೆಂಡಿಗೆ 100 ಸಲ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. 100ನ್ನು 25ರಿಂದ ಭಾಗಿಸಿದರೆ ಶೇಷವಿಲ್ಲ. ಪ್ರತಿ ಫ್ರೇಮಿಗೂ ನಾಲ್ಕು ಮಿಣುಕು ಸಮವಾಗಿ ಬಂದು ಕೂರುತ್ತದೆ. 30ರಿಂದ ಭಾಗಿಸಿದರೆ ಶೇಷ 10. ಆ ಶೇಷವೇ ವಿಡಿಯೊದಲ್ಲಿ ಸೆಕೆಂಡಿಗೆ ಹತ್ತು ಸಲ ದೀಪ ಬಡಿದುಕೊಳ್ಳುವ ಹಾಗೆ ಕಾಣುವುದು. ಒಕ್ಕಣೆಯ ಕಣದಲ್ಲಿ ಹಳೇ ಚೋಕಿನ ಟ್ಯೂಬ್‌ಲೈಟ್ ಹಾಕಿದ್ದರು. ಹೊತ್ತು ಮುಳುಗುವ ಹೊತ್ತಿಗೆ 30ರಲ್ಲಿ ತೆಗೆದ ಆ ವಿಡಿಯೊ ನೋಡಿದರೆ ಈಗಲೂ ತಲೆನೋವು ಬರುತ್ತದೆ. 25 ಫ್ರೇಮ್ ಇಟ್ಟು, ಶಟರ್ (ಪ್ರತಿ ಫ್ರೇಮಿಗೂ ಬೆಳಕು ಬಿಡುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಮಾಡಿ, ಕಾಟ ಮುಗಿಯಿತು. ದೂರದರ್ಶನದ ಕಾಲದಿಂದ ನಮ್ಮ ದೇಶದ ಟಿವಿ 25 ಫ್ರೇಮಿನಲ್ಲೇ ನಡೆದದ್ದು, ಅದರ ಬೇರು ಇರುವುದೂ ಈ 50 ಸುತ್ತಿನಲ್ಲೇ. ಆಪ್‌ಗಳಲ್ಲಿ ಮೊದಲೇ 30 ಇಟ್ಟು ಕೊಟ್ಟಿರುತ್ತಾರೆ, ಬದಲಿಸಬೇಕು.

ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆ ಲೆನ್ಸಿಗೆ ಹಾಕುವ ಕಪ್ಪು ಕನ್ನಡಕ, ಎನ್‌ಡಿ ಫಿಲ್ಟರ್. ಮಾಗಡಿಯ ಮಧ್ಯಾಹ್ನಕ್ಕೆ ಎನ್‌ಡಿ16 ಹಾಕಿ ಶುರುಮಾಡುತ್ತೇನೆ, ಸಾಲದಿದ್ದರೆ 32, 64. ಫಿಲ್ಟರ್ ಇಲ್ಲವೇ? ಹಗಲು ಹೊತ್ತಿನಲ್ಲಿ ಶಟರನ್ನು ಅದರ ಪಾಡಿಗೆ ಬಿಡಿ, ಆದರೆ ಡ್ರೋನನ್ನು ಗಿರ್ರನೆ ತಿರುಗಿಸಬೇಡಿ. ನಿಧಾನ ತಿರುಗಿಸಿದಷ್ಟೂ ನಿಮ್ಮ 4ಕೆಗೆ ಬೆಲೆ. ಗಡಿಬಿಡಿಯಲ್ಲಿ ತಿರುಗಿಸಿದ 4ಕೆ, ನಿಧಾನಕ್ಕೆ ತಿರುಗಿಸಿದ 1080ರ ಮುಂದೆ ನಿಲ್ಲಲಾರದು.

ಹೆಸರಿಗಷ್ಟೇ 4ಕೆ

ಮೂರು ಸಾವಿರಕ್ಕೆ 4ಕೆ ಡ್ರೋನ್ ಅಂತ ಜಾಹೀರಾತು ಬರುತ್ತದಲ್ಲ, ಅದರಲ್ಲಿ ಬಹುಪಾಲು ಮಕ್ಕಳ ಆಟಿಕೆ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಸಣ್ಣದು, ಬಂದ ಚಿತ್ರವನ್ನು ಎಳೆದು ಎಳೆದು 4ಕೆ ಅಳತೆಗೆ ಹಿಗ್ಗಿಸಿರುತ್ತಾರೆ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ತಿರುಗಿಸುವುದೂ ಬೇಡ. ಗೋಡೆಯಲ್ಲಿ ಕನ್ನಡ ಕ್ಯಾಲೆಂಡರ್ ಇದ್ದೇ ಇರುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಡ್ರೋನನ್ನು ಮೇಜಿನ ಮೇಲಿಟ್ಟು 4ಕೆಯಲ್ಲಿ ಹತ್ತು ಸೆಕೆಂಡ್, 1080ರಲ್ಲಿ ಹತ್ತು ಸೆಕೆಂಡ್ ತೆಗೆಯಿರಿ. ತಾರೀಖಿನ ಕೆಳಗೆ ಬರೆದ ನಕ್ಷತ್ರದ ಹೆಸರನ್ನು ದೊಡ್ಡದು ಮಾಡಿ ನೋಡಿ. ನಿಜವಾದ 4ಕೆಯಲ್ಲಿ ಅದು 1080ಕ್ಕಿಂತ ಎದ್ದು ಕಾಣುವಷ್ಟು ಚೊಕ್ಕವಾಗಿರಬೇಕು. ಎರಡರಲ್ಲೂ ಅಶ್ವಿನಿಯೋ ಭರಣಿಯೋ ಗೊತ್ತಾಗದೆ ಒಂದೇ ಥರ ಕದಡಿದ್ದರೆ ಡಬ್ಬದಲ್ಲಿಟ್ಟು ವಾಪಸ್ ಕೊಟ್ಟುಬಿಡಿ.

ಇನ್ನೊಂದು ಮೋಸ ನಾವೇ ಮಾಡಿಕೊಳ್ಳುವುದು. ಹಾರಿಸುವಾಗ ಫೋನಿನಲ್ಲಿ ಕಾಣುವ ನೇರ ಚಿತ್ರದ ಒಂದು ನಕಲನ್ನು ಆಪ್ ಫೋನಿನಲ್ಲೇ ಉಳಿಸಿಕೊಂಡಿರುತ್ತದೆ. ಗಾಳಿಯಲ್ಲಿ ಬಂದ ಆ ನಕಲು ಬಡಕಲು. ಅದನ್ನೇ ನೋಡಿ 'ನನ್ನ ಡ್ರೋನ್‌ನ 4ಕೆ ಇಷ್ಟೇನಾ' ಅಂತ ಬೇಸರ ಮಾಡಿಕೊಂಡವರನ್ನು ಕಂಡಿದ್ದೇನೆ. ಅಸಲಿ ಇರುವುದು ಡ್ರೋನ್ ಒಳಗಿನ ಕಾರ್ಡಿನಲ್ಲಿ.

ಎಲ್ಲಿ ಹಾರಿಸಬೇಕು ಅನ್ನುವುದು ಈ ಬರಹದ ವಿಷಯವಲ್ಲ, ಆದರೂ ಬೆಂಗಳೂರಿನವಳಾಗಿ ಹೇಳದೆ ಬಿಡಲಾರೆ. ನಮ್ಮೂರಿಗೆ ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಜಕ್ಕೂರು, ಯಲಹಂಕದ ವಾಯುಪಡೆ ನೆಲೆ, ಅದರಾಚೆ ದೇವನಹಳ್ಳಿ, ಎಲ್ಲ ಕಡೆ ವಿಮಾನ ಏರಿಳಿಯುವ ಜಾಗಗಳೇ. ಸರ್ಕಾರದ ಡಿಜಿಟಲ್ ಸ್ಕೈ ಅನ್ನುವ ಡ್ರೋನ್ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರೋ, ಹಳದಿಯೋ, ಕೆಂಪೋ ಅಂತ ಅದೇ ದಿನ ಬೆಳಿಗ್ಗೆ ನೋಡಿಕೊಳ್ಳಿ. ಹಸಿರಿನಲ್ಲೂ ಹೆಚ್ಚೆಂದರೆ 400 ಅಡಿಯೇ ಮಿತಿ, ಅಂದರೆ 120 ಮೀಟರ್. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಒಳಗಿನದು ನ್ಯಾನೊ, ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಪ್ರಮಾಣಪತ್ರ ಬೇಡ ಅಂದ ಮಾತ್ರಕ್ಕೆ ಕೆಂಪು ವಲಯ ಹಸಿರಾಗುವುದಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಮೇಲಿಂದ ತೆಗೆದುಕೊಡು ಅಂತ ಪ್ರತಿ ಕಾರ್ತಿಕದಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಅಷ್ಟು ಜನರ ತಲೆ ಮೇಲೆ ತಿರುಗುವ ಬ್ಲೇಡು ಬಿಡುವ ಧೈರ್ಯ ನನಗಿಲ್ಲ.

ನಾನೀಗ ಇಡುವುದು

ಸಾಮಾನ್ಯ ದಿನ 4ಕೆ, 25. ಓಡುವುದಿದ್ದರೆ 2.7ಕೆ, 50. ಯಾರಿಗೋ ಪೂರ್ತಿ ದಾಖಲೆ ಬೇಕು, ಅಂದರೆ ಹೊಲದ ಗಡಿ, ಕೊಳವೆಬಾವಿ ಪೈಪು ಹೋದ ದಾರಿ, ಮನೆ ತಾರಸಿಯ ಬಿರುಕು, ಅದಕ್ಕೆ ವಿಡಿಯೊವೇ ಬೇಡ, ಫೋಟೊ ತೆಗೆದುಕೊಡುತ್ತೇನೆ. ನನ್ನ ಡ್ರೋನ್‌ನ ಫೋಟೊ 1.2 ಕೋಟಿ ಚುಕ್ಕಿಯದು, 4ಕೆಯ 83 ಲಕ್ಷವನ್ನೂ ಮೀರಿಸುತ್ತದೆ. 1080ನ್ನು ಉಳಿಸಿಕೊಂಡಿರುವುದು ಒಂದೇ ಕೆಲಸಕ್ಕೆ: ತಮ್ಮನ ಮಗಳು ಹಾರಿಸುವುದು ಕಲಿಯುತ್ತಿದ್ದಾಳೆ, ಅವಳ ಅಭ್ಯಾಸವನ್ನು ಆಮೇಲೆ ಇಬ್ಬರೂ ಕೂತು ನೋಡಿ, ಎಲ್ಲಿ ಎಡವಿದಳು ಅಂತ ಹೇಳಿ, ಅಲ್ಲೇ ಅಳಿಸಿಬಿಡುತ್ತೇವೆ.

ಒಂದು ಎಚ್ಚರಿಕೆ. ಡ್ರೋನ್ ಹಿಂದಿನ ಸಲದ ಸೆಟ್ಟಿಂಗನ್ನೇ ನೆನಪಿಟ್ಟುಕೊಂಡಿರುತ್ತದೆ. ಮಗು 1080ರಲ್ಲಿ ಅಭ್ಯಾಸ ಮಾಡಿದ ಮಾರನೇ ದಿನ ನಾನು ಸಾವನದುರ್ಗದ ಹಿಂದೆ ಮೋಡ ಇಳಿಯುವುದನ್ನು ಪೂರ್ತಿ 1080ರಲ್ಲೇ ತೆಗೆದು ಬಂದೆ. ಈಗ ರಿಮೋಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ: 'ಕಾರ್ಡ್, 4ಕೆ, 25, ಶಟರ್, ಎತ್ತರ.' ಕಾರ್ಡ್ ಖಾಲಿ ಇದೆಯೇ ಅಂತ ನೋಡುವುದೇ ಮೊದಲು.

ಇಷ್ಟು ಬರೆದಿಟ್ಟು ಅಕ್ಕನ ಮಗನಿಗೆ, "ತೋಟದ್ದು ಹೆಂಗ್ ಬಂತೋ?" ಅಂತ ಕೇಳಿದೆ. ವಾಟ್ಸಾಪ್‌ನಲ್ಲಿ ಒಂದು ತುಣುಕು ಬಂತು. ತೆಂಗಿನ ಗರಿಯೆಲ್ಲ ಮುದ್ದೆ. "ಇದು ಫೋನಿಂದು. ಕಾರ್ಡಲ್ಲಿರೋದನ್ನ ಡಾಕ್ಯುಮೆಂಟ್ ಮಾಡಿ ಕಳಿಸೋ" ಅಂದೆ. ತುಂಬಾ ಹೊತ್ತು 'ಟೈಪಿಂಗ್' ಅಂತ ತೋರಿಸಿ ಉತ್ತರ ಬಂತು: "ಕಾರ್ಡಲ್ಲಿ ಎರಡೇ ನಿಮಿಷ ಇದೆ ಚಿಕ್ಕಮ್ಮ. ಹಳೇದೆಲ್ಲ ಹಂಗೇ ಇತ್ತು, ಒಂದೂವರೆ ಜಿಬಿ ಖಾಲಿ ಇತ್ತಷ್ಟೆ."

ನಾನು ಇನ್ನೇನೂ ಹೇಳಲಿಲ್ಲ. 750 ಅಂತ ಒತ್ತಿ ಕಳಿಸಿದೆ.